ಒಳ್ಳೆ ಮನುಷ್ಯನಿಗೆ ಕಿರೀಟ ಕೊಟ್ಟು ನಾನು ಮಾಡಿದ ತಪ್ಪು: ಡ್ರಾಗನ್ ಏಜ್ ಗೇಮ್‌ಗಳ ಬಗ್ಗೆ ಒಂದಷ್ಟು ಮಾತು



ಉದ್ದದ ಪೋಸ್ಟು. ಟೀ ಬ್ರೇಕಲ್ಲಿ ಓದಿದ್ರೆ ಮುಗಿಯಲ್ಲ, ರಾತ್ರಿ ಊಟ ಆದ್ಮೇಲೆ ಓದಿ. ವಿಷಯ ವಿಡಿಯೋ ಗೇಮ್. "ಏನಣ್ಣಾ, ಬರೆಯೋಕೆ ಬೇರೆ ವಿಷಯ ಸಿಗ್ಲಿಲ್ವಾ, ಈ ವಯಸ್ಸಲ್ಲಿ ಗೇಮಾ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ನಾನೂ ಹಾಗೇ ಅಂತಿದ್ದೋನು. ಆದ್ರೆ ನಾವು ನಾಟಕ ನೋಡಿ ವಿಮರ್ಶೆ ಬರೀತೀವಿ, ಸಿನಿಮಾ ನೋಡಿ ಬೆಳಗಾಗೋವರೆಗೆ ಜಗಳ ಆಡ್ತೀವಿ. ನಮ್ಮ ಮನೆ ಹುಡುಗರು ಗಂಟೆಗಟ್ಟಲೆ ಕೂತು ಆಡೋ ಕಥೆಗಳಲ್ಲಿ ಏನಿದೆ ಅಂತ ಮಾತ್ರ ಯಾರೂ ಕೇಳಲ್ಲ. ನಾನು ಕೇಳ್ದೆ. ಕೇಳಿದ್ದಕ್ಕೆ ಒಂದು ಪಾಠ ಕಲಿತೆ, ಸ್ವಲ್ಪ ನಾಚಿಕೆಯ ಪಾಠ. ಅದನ್ನ ಹೇಳ್ಕೊಳ್ಳೋಕೆ ಈ ಪೋಸ್ಟು.

2020ರ ಲಾಕ್‌ಡೌನ್‌ನಲ್ಲಿ ಅಕ್ಕನ ಮಗ ನಮ್ಮನೆಯಲ್ಲೇ ಉಳ್ಕೊಂಡಿದ್ದ. ಅವನ ಹಳೇ ಲ್ಯಾಪ್‌ಟಾಪ್‌ನಲ್ಲಿ ಹೊಸ ಗೇಮ್ ಯಾವುದೂ ಓಡ್ತಿರ್ಲಿಲ್ಲ. ಹಾಗಾಗಿ ಹಳೇದೊಂದನ್ನ ಹಾಕ್ಕೊಂಡು ಕೂತಿರ್ತಿದ್ದ. ಒಂದು ರಾತ್ರಿ "ಮಾಮ, ಬಾ ಇಲ್ಲಿ, ಇದ್ರಲ್ಲಿ ನಮ್ಮೋರು ಇದಾರೆ" ಅಂದ. ಹೋಗಿ ನೋಡಿದ್ರೆ ಪರದೆ ಮೇಲೆ ಗಿಡ್ಡ ಗಡ್ಡದ ಜನ, ನೆಲದಡಿಯ ಒಂದು ಊರು, ಆ ಊರಿನ ಕಲ್ಲಿನ ಗೋಡೆಗೆ ಅಂಟ್ಕೊಂಡು ಒಂದು ಕೊಳಕು ಕೇರಿ. ಆ ಕೇರಿಯವರ ಮುಖದ ಮೇಲೆಲ್ಲ ಒಂದೊಂದು ಗುರುತು.

ಗೇಮ್ ಹೆಸರು ಡ್ರಾಗನ್ ಏಜ್: ಒರಿಜಿನ್ಸ್. ಕೆನಡಾದ ಬಯೋವೇರ್ ಅನ್ನೋ ಕಂಪನಿ 2009ರಲ್ಲಿ ಬಿಟ್ಟಿದ್ದು. ಆಮೇಲೆ 2011ರಲ್ಲಿ ಡ್ರಾಗನ್ ಏಜ್ 2, 2014ರಲ್ಲಿ ಇನ್‌ಕ್ವಿಸಿಷನ್, 2024ರಲ್ಲಿ ವೇಲ್‌ಗಾರ್ಡ್ ಬಂದ್ವು. ನಾಲ್ಕನ್ನೂ ನಿಧಾನಕ್ಕೆ ಆಡಿ ಮುಗಿಸಿದೀನಿ. ಕೆಲವು ಯುದ್ಧ ಅಳಿಯನ ಕೈಲಿ ಆಡಿಸಿದ್ದು, ಸುಳ್ಳು ಯಾಕೆ ಹೇಳ್ಲಿ. ಕಥೆಯನ್ನೆಲ್ಲ ಬಿಟ್ಟುಕೊಡ್ತಿದೀನಿ, ಆಡಬೇಕು ಅಂತಿರೋ ಹುಡುಗರು ಇಲ್ಲೇ ನಿಲ್ಲಿಸಿ.

ಗೊತ್ತಿಲ್ಲದವರಿಗೆ ಎರಡು ಮಾತು. ಇಂಥ ಗೇಮ್‌ಗಳಲ್ಲಿ ನೀವೊಂದು ಪಾತ್ರ ಆಗ್ತೀರಿ. ಊರೂರು ತಿರುಗ್ತೀರಿ. ಜನ ನಿಮಗೆ ಕೆಲಸ ಒಪ್ಪಿಸ್ತಾರೆ, ಅದಕ್ಕೆ ಕ್ವೆಸ್ಟ್ ಅಂತಾರೆ. ಕ್ವೆಸ್ಟ್‌ನ ನಡುವೆ ಅಥವಾ ಕೊನೆಗೆ ನೀವೇ ಒಂದು ತೀರ್ಮಾನ ತಗೋಬೇಕು, ಕಥೆ ಆ ಕಡೆ ತಿರುಗುತ್ತೆ. ಕಾದಂಬರಿಕಾರ ತನ್ನ ತೀರ್ಮಾನವನ್ನ ನಿಮಗೆ ಹೇಳ್ತಾನೆ. ಇಲ್ಲಿ ತೀರ್ಮಾನದ ಪಾಪ ನಿಮ್ಮ ತಲೆ ಮೇಲೇ.

ಒರಿಜಿನ್ಸ್‌ನಲ್ಲಿ ಆಟ ಶುರು ಆಗೋಕೆ ಆರು ಬಾಗಿಲು. ಮನುಷ್ಯರ ಪಾಳೇಗಾರನ ಮಗು ಆಗಿ ಶುರು ಮಾಡ್ಬಹುದು. ಊರೊಳಗಿನ ಗೋಡೆ ಕಟ್ಟಿದ ಕೇರಿಯಲ್ಲಿ ಬದುಕೋ ಎಲ್ಫ್ ಆಗಬಹುದು. ಕಾಡಿನ ಎಲ್ಫ್, ಮಂತ್ರವಾದಿ, ಡ್ವಾರ್ಫ್ ರಾಜನ ಮಗು, ಇಲ್ಲಾ ಡ್ವಾರ್ಫ್ ಕೇರಿಯ ಮಗು ಆಗಬಹುದು. ಪ್ರತಿ ಬಾಗಿಲಿಗೂ ಮೊದಲ ಒಂದೆರಡು ಗಂಟೆ ಬೇರೆಯದೇ ಕಥೆ. ಆಮೇಲೆ ಆರೂ ಒಂದೇ ದಾರಿಗೆ ಬಂದು ಸೇರ್ತವೆ.

ಡ್ವಾರ್ಫ್‌ಗಳ ಊರು ಓರ್ಜಮಾರ್. ಅಲ್ಲಿ ಜಾತಿ ಅನ್ನೋದು ಗುಟ್ಟಲ್ಲ, ಅದೇ ಕಾನೂನು. ರಾಜವಂಶದವರು, ಯೋಧರು, ಕಮ್ಮಾರರು, ವ್ಯಾಪಾರಿಗಳು, ಗಣಿಯವರು, ಸೇವಕರು ಹೀಗೆ. ಗಂಡುಮಗುವಿಗೆ ಅಪ್ಪನ ಜಾತಿ, ಹೆಣ್ಣುಮಗುವಿಗೆ ಅವ್ವನ ಜಾತಿ. ಇವರೆಲ್ಲರ ಕೆಳಗೆ ಜಾತಿಯೇ ಇಲ್ಲದವರು, ಕಾಸ್ಟ್‌ಲೆಸ್. ಹುಟ್ಟಿದ ಕೂಡ್ಲೇ ಮುಖಕ್ಕೆ ಗುರುತು ಹಾಕ್ತಾರೆ. ಇವರ ಹಿರೀಕರನ್ನ ಕಲ್ಲೇ ಒಪ್ಪಲಿಲ್ಲ ಅಂತ ನಂಬಿಕೆ, ಕಲ್ಲು ಅಂದ್ರೆ ಅವರ ದೇವರು. ಇರೋಕೆ ಡಸ್ಟ್ ಟೌನ್. ನಾನು ಅದನ್ನ ಧೂಳುಕೇರಿ ಅಂತೀನಿ.

ಪದದ ತಮಾಷೆ ನೋಡಿ. ನಮ್ಮಲ್ಲಿ ನಗರದ ದೊಡ್ಡ ಮನೆ ಹುಡುಗರು "ನನಗೆ ಜಾತಿ ಇಲ್ಲ" ಅಂತ ಹೆಮ್ಮೆಯಿಂದ ಹೇಳ್ಕೋತಾರೆ. ಧೂಳುಕೇರಿಯಲ್ಲಿ ಜಾತಿ ಇಲ್ಲ ಅಂದ್ರೆ ನಿನಗೆ ಕಸುಬಿಲ್ಲ, ಲೆಕ್ಕದಲ್ಲಿ ನೀನಿಲ್ಲ ಅಂತ ಅರ್ಥ. ನಮ್ಮ ಅವರ್ಣ ಅನ್ನೋ ಪದ ಇದಕ್ಕೆ ಸರಿಹೋಗುತ್ತೆ.

ಮೊದಲ ಸಲ ಆಡಿದಾಗ ನಾನು ಧೂಳುಕೇರಿಯಿಂದ ಶುರು ಮಾಡ್ಲಿಲ್ಲ. ಅಳಿಯ "ಸುಲಭದ್ದು ತಗೋ ಮಾಮ" ಅಂತ ಮನುಷ್ಯರ ಪಾಳೇಗಾರನ ಮಗನನ್ನ ಕೊಟ್ಟ. ಆ ಕಥೆಯಲ್ಲಿ ಅಪ್ಪನ ಸ್ನೇಹಿತನೇ ಮೋಸ ಮಾಡಿ ಒಂದೇ ರಾತ್ರಿ ಮನೆಯೋರನ್ನೆಲ್ಲ ಕೊಂದು ಹಾಕ್ತಾನೆ. ಅಲ್ಲಿಂದ ತಪ್ಪಿಸ್ಕೊಂಡು ಗ್ರೇ ವಾರ್ಡನ್ ಅನ್ನೋ ದಳಕ್ಕೆ ಸೇರಿ, ಡಾರ್ಕ್‌ಸ್ಪಾನ್ ಅನ್ನೋ ರಾಕ್ಷಸರ ದಂಡಿನ ವಿರುದ್ಧ ಸೈನ್ಯ ಕೂಡಿಸ್ತಾ ಹೋಗ್ಬೇಕು. ಆ ಸೈನ್ಯ ಕೇಳೋಕೆ ಓರ್ಜಮಾರ್‌ಗೆ ಬಂದೆ.

ಬಂದ್ರೆ ಅಲ್ಲಿ ರಾಜ ಸತ್ತಿದಾನೆ. ಗಾದಿಗೆ ಇಬ್ಬರು. ಒಬ್ಬ ಸತ್ತ ರಾಜನ ಮಗ ಬೇಲೆನ್. ಇನ್ನೊಬ್ಬ ರಾಜನಿಗೆ ಆಪ್ತನಾಗಿದ್ದ ಹಿರಿಯ, ಹ್ಯಾರೋಮಾಂಟ್. ಬೇಲೆನ್ ಕುತಂತ್ರಿ. ಅವನ ಕೈಗೆ ಒಡಹುಟ್ಟಿದವರ ರಕ್ತ ಅಂಟಿದೆ, ಅವನ ಕಡೆಯವರು ಹೇಸದೆ ಮೋಸ ಮಾಡ್ತಾರೆ. ಹ್ಯಾರೋಮಾಂಟ್ ಮೃದು ಮಾತಿನವನು, ಕೊಟ್ಟ ಮಾತು ಉಳಿಸ್ಕೊಳ್ಳೋನು. ಸರದಾರರ ಸಭೆ ಎರಡು ಹೋಳಾಗಿದೆ. ಸುರಂಗದಾಳಕ್ಕೆ ಹೋಗಿ ಒಂದು ಕಿರೀಟ ತಂದು ಯಾರ ತಲೆಗೆ ಇಡ್ತೀಯೋ ಅವನೇ ರಾಜ.

ನಾನು ಹ್ಯಾರೋಮಾಂಟ್ ತಲೆಗೆ ಇಟ್ಟೆ. ಒಂದು ನಿಮಿಷವೂ ಯೋಚನೆ ಮಾಡ್ಲಿಲ್ಲ. ಮೋಸಗಾರನಿಂದ ಮನೆ ಕಳ್ಕೊಂಡ ಪಾತ್ರ ನಂದು, ಇನ್ನೊಬ್ಬ ಮೋಸಗಾರನಿಗೆ ಕಿರೀಟ ಕೊಡ್ತೀನಾ?

ಆಟ ಮುಗಿದ ಮೇಲೆ ಪರದೆ ಮೇಲೆ ಒಂದೊಂದೇ ಚಿತ್ರ ಬಂದು, ನೀನು ಮಾಡಿದ್ದರ ಪರಿಣಾಮ ಇದು ಅಂತ ನಾಲ್ಕೈದು ಸಾಲಲ್ಲಿ ಹೇಳುತ್ತೆ. ಹ್ಯಾರೋಮಾಂಟ್ ಆಳ್ವಿಕೆಯಲ್ಲಿ ಓರ್ಜಮಾರ್ ಹೊರಲೋಕಕ್ಕೆ ಬಾಗಿಲು ಹಾಕ್ಕೊಂಡಿತು, ಜಾತಿಯ ಕಟ್ಟುಪಾಡು ಇನ್ನೂ ಬಿಗಿಯಾಯ್ತು. ಅಳಿಯ ಪಕ್ಕದಲ್ಲೇ ಇದ್ದ. "ಬೇಲೆನ್‌ನ ರಾಜ ಮಾಡಿದ್ರೆ ಕೇರಿಯವರ ಮೇಲಿನ ನಿರ್ಬಂಧ ತೆಗೀತಾನೆ ಮಾಮ. ಡಾರ್ಕ್‌ಸ್ಪಾನ್ ವಿರುದ್ಧ ಆಯುಧ ಹಿಡಿದ್ರೆ ಹಕ್ಕು ಕೊಡ್ತಾನೆ. ಹೊರಗಿನೋರ ಜೊತೆ ವ್ಯಾಪಾರನೂ ತೆರೀತಾನೆ" ಅಂದ.

ಬಂಧುಗಳೇ, ಇಪ್ಪತ್ತು ವರ್ಷದಿಂದ ಧರಣಿ, ಜಾಥಾ, ಮನವಿಪತ್ರ ಅಂತ ಓಡಾಡಿದೋನು ನಾನು. ಧೂಳುಕೇರಿಯಲ್ಲಿ ನಡೆದಾಡಿ, ಅಲ್ಲಿನವರ ಮುಖದ ಗುರುತು ನೋಡಿ ಲೊಚಗುಟ್ಟಿ, ಆಮೇಲೆ ಮೇಲ್ಗಡೆ ಹೋಗಿ ಅವರನ್ನ ಇನ್ನೂ ತುಳಿಯೋನಿಗೆ ಕಿರೀಟ ಇಟ್ಟು ಬಂದಿದ್ದೆ. ಯಾಕೆ? ಅವನು ನನ್ನ ಜೊತೆ ಚೆನ್ನಾಗಿ ಮಾತಾಡಿದ.

ಆ ರಾತ್ರಿ ನನಗೆ ನೆನಪಾಗಿದ್ದು ನಮ್ಮ ಆಫೀಸಿನ ಇಬ್ಬರು ಸಾಹೇಬ್ರು. ಹೆಸರು, ಇಲಾಖೆ ಬೇಡ. ಮೊದಲನೆಯವರು ದೇವರಂಥ ಮನುಷ್ಯ ಅಂತ ಎಲ್ಲರೂ ಅಂತಿದ್ರು. ಅವ್ವ ಆಸ್ಪತ್ರೆಯಲ್ಲಿದ್ದಾಗ ಕರೆದು ವಿಚಾರಿಸ್ಕೊಂಡ್ರು, ರಜೆ ಕೊಟ್ರು. ಅವರ ಕೋಣೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಟೀ ಬರೋದು, ನನಗೆ ಪೇಪರ್ ಕಪ್‌ನಲ್ಲಿ. ಅದನ್ನೂ ನಾನು "ಬಿಡು, ನೆಗಡಿ ಕಾಲ" ಅನ್ಕೊಂಡೆ. ಬ್ಯಾಕ್‌ಲಾಗ್ ಹುದ್ದೆಗಳ ಕಡತ ನಾನೇ ಮಂಡಿಸ್ತಿದ್ದೆ. ಪ್ರತಿ ಸಲ "ಚರ್ಚಿಸಿ" ಅಂತ ಷರಾ ಬರೆದು ವಾಪಸ್ ಕಳಿಸೋರು. ಚರ್ಚೆಗೆ ಹೋದ್ರೆ ನಗ್ತಾ ಬೇರೆ ಮಾತಾಡೋರು. ಹದಿನಾಲ್ಕು ತಿಂಗಳು ಹೀಗೇ ಹೋಯ್ತು. ಅವರ ಜಾಗಕ್ಕೆ ಬಂದವರು ಒರಟು, ಬಾಯಿ ತೆಗೆದ್ರೆ ಬೈಗುಳ. ಕೈ ಶುದ್ಧ ಇಲ್ಲ ಅನ್ನೋ ಮಾತೂ ಇತ್ತು. ಮೂರೇ ವಾರಕ್ಕೆ ಅದೇ ಕಡತಕ್ಕೆ ಸಹಿ ಹಾಕಿದ್ರು. ನಮ್ಮ ಹುಡುಗರು ಕೆಲಸಕ್ಕೆ ಸೇರಿದ್ರು.

ಮೊದಲನೆಯವರ ಬೀಳ್ಕೊಡುಗೆಯಲ್ಲಿ ಹಾರ ಹಾಕಿ ಕಣ್ಣೀರು ಹಾಕ್ದೋನು ನಾನು. ಎರಡನೆಯವರ ಬೀಳ್ಕೊಡುಗೆಗೆ ಹೋಗ್ಲೇ ಇಲ್ಲ.

ಒರಿಜಿನ್ಸ್‌ನ ಓರ್ಜಮಾರ್ ಕ್ವೆಸ್ಟ್ ನನಗೆ ಯಾಕೆ ದೊಡ್ಡದು ಅಂತ ಈಗ ಗೊತ್ತಾಯ್ತಲ್ಲ. ಜಾತಿ ಕೆಟ್ಟದ್ದು ಅಂತ ಅದು ಭಾಷಣ ಮಾಡಲ್ಲ. ಒಂದು ಕಡೆ ಸಭ್ಯತೆ, ಇನ್ನೊಂದು ಕಡೆ ಹಕ್ಕು ಇಟ್ಟು, ನೀನು ಯಾವುದನ್ನ ತಗೋತೀಯ ನೋಡೋಣ ಅಂತ ಕಾಯುತ್ತೆ. ಯಾವುದು ಸರಿ ಅಂತ ಮೊದಲೇ ಬಾಣದ ಗುರುತು ಹಾಕಿ ತೋರ್ಸಲ್ಲ.

ಎರಡನೇ ಸಲ ಕೇರಿಯ ಮಗನಾಗಿ ಶುರು ಮಾಡ್ದೆ. ಅಕ್ಕ ರೀಕಾ, ಕುಡಿತಕ್ಕೆ ಬಿದ್ದ ಅವ್ವ, ಗೆಳೆಯ ಲೆಸ್ಕೆ, ಎಲ್ಲರನ್ನೂ ಮುಷ್ಟಿಯಲ್ಲಿಟ್ಟಿರೋ ಬೆರಾಟ್ ಅನ್ನೋ ರೌಡಿ. ಅಕ್ಕನನ್ನ ಅಲಂಕರಿಸಿ ಮೇಲಿನ ಮನೆಯ ಗಂಡಸಿನ ಕಣ್ಣಿಗೆ ಬೀಳಿಸೋದು ಬೆರಾಟ್‌ನ ಲೆಕ್ಕಾಚಾರ. ಗಂಡು ಮಗು ಹುಟ್ಟಿದ್ರೆ ಅದಕ್ಕೆ ಅಪ್ಪನ ಜಾತಿ, ಆ ಮಗು ಹಿಡ್ಕೊಂಡು ಮನೆಯವರೂ ಮೇಲೆ ಹೋಗಬಹುದು. ನನ್ನ ಕೆಲಸ ಅಖಾಡದಲ್ಲಿ ಬೆರಾಟ್ ಪಣ ಕಟ್ಟಿರೋ ಯೋಧನನ್ನ ಗೆಲ್ಲಿಸೋದು. ಹೋಗಿ ನೋಡಿದ್ರೆ ಆ ಯೋಧ ಕುಡಿದು ಬಿದ್ದಿದಾನೆ. ಅವನ ಕವಚ, ಶಿರಸ್ತ್ರಾಣ ನಾನೇ ಹಾಕ್ಕೊಂಡು ಇಳಿದೆ. ಒಬ್ಬೊಬ್ಬರನ್ನೇ ಸೋಲಿಸ್ದೆ. ಜನ ಕೂಗ್ತಿದಾರೆ, ಆದ್ರೆ ಬೇರೆಯವನ ಹೆಸರು ಹಿಡಿದು. ಅಷ್ಟರಲ್ಲಿ ಆ ಕುಡುಕ ಎದ್ದು ತೂರಾಡ್ಕೊಂಡು ಬಂದ. ಶಿರಸ್ತ್ರಾಣ ತೆಗೆಸಿದ್ರು. ಮುಖದ ಗುರುತು ಕಾಣಿಸ್ತು. ಗೆದ್ದವನು ಆ ಕ್ಷಣವೇ ಅಪರಾಧಿ.

ಇದು ಕ್ವೆಸ್ಟ್ ಕಟ್ಟೋ ರೀತಿ ಬಂಧುಗಳೇ. ನಿನಗೆ ಯೋಗ್ಯತೆ ಇದೆ ಅಂತ ಸಾಬೀತು ಮಾಡೋಕೆ ನಿನ್ನ ಕೈಯಿಂದಲೇ ಆಡಿಸ್ತಾರೆ. ಬಟನ್ ಒತ್ತಿ ಬೆರಳು ನೋಯ್ತಾ ಇರುತ್ತೆ, ಗೆಲುವು ನಿಂದೇ. ಆಮೇಲೆ ಆ ಗೆಲುವನ್ನ ಜಾತಿ ಕಿತ್ಕೊಳ್ಳುತ್ತೆ. ಮೆರಿಟ್ ಮೆರಿಟ್ ಅಂತ ನಮ್ಮ ಮುಖಕ್ಕೆ ಹೇಳೋರನ್ನೆಲ್ಲ ಕೂರಿಸಿ ಈ ಒಂದು ಗಂಟೆ ಆಡಿಸ್ಬೇಕು ಅನಿಸ್ತು.

ಆಮೇಲೆ ವಾರ್ಡನ್ ಆಗಿ ಓರ್ಜಮಾರ್‌ಗೆ ವಾಪಸ್ ಬಂದಾಗ ಕ್ವೆಸ್ಟ್ ಅದೇ, ಇಬ್ಬರು ಹುರಿಯಾಳುಗಳೂ ಅವರೇ. ಆದ್ರೆ ನನ್ನಕ್ಕ ಈಗ ಅರಮನೆಯಲ್ಲಿದಾಳೆ, ಬೇಲೆನ್‌ನ ಗಂಡು ಮಗು ಹೆತ್ತಿದಾಳೆ. ರಾಜನ ಮಗನಾಗಿ ಶುರು ಮಾಡಿದವನಿಗೆ ಇದೇ ಬೇಲೆನ್ ಮನೆಮುರುಕ. ನನಗೆ ಅವನು ಅಕ್ಕನ ಮಗನ ಅಪ್ಪ. ಒಂದೇ ಮಾತು, ಒಂದೇ ಕಿರೀಟ, ನಿಂತ ಜಾಗ ಬದಲಾಯ್ತು, ನ್ಯಾಯ ಬದಲಾಯ್ತು. ಈ ಸಲ ಬೇಲೆನ್‌ಗೆ ಇಟ್ಟೆ. ಕಿರೀಟ ಇಟ್ಟ ತಕ್ಷಣ ಅವನು ಹ್ಯಾರೋಮಾಂಟ್‌ಗೆ ಮರಣದಂಡನೆ ಕೊಟ್ಟ. ಹೊಟ್ಟೆ ತೊಳಸಿದ ಹಾಗಾಯ್ತು. ಗೇಮ್ ನನಗೆ ನೆಮ್ಮದಿಯ ಗೆಲುವು ಕೊಡ್ಲೇ ಇಲ್ಲ, ಅದು ಸರಿಯೇ.

ನಾನೇನು ಬೇಲೆನ್ ಭಕ್ತ ಅಲ್ಲ. ಅವನು ಕೊಟ್ಟ ಹಕ್ಕಿಗೆ ಬೆಲೆ ರಕ್ತ, ಮೊದಲು ಆಯುಧ ಹಿಡಿ ಆಮೇಲೆ ಹಕ್ಕು. ನಮಗೆ ಆ ಇತಿಹಾಸ ಗೊತ್ತು. 1818ರ ಕೋರೆಗಾಂವ್‌ನಲ್ಲಿ ಮಹಾರ್ ಸೈನಿಕರು ಕಂಪನಿಗಾಗಿ ಹೋರಾಡಿದ್ರು. ಅದೇ ಬ್ರಿಟಿಷರು ಹತ್ತೊಂಬತ್ತನೇ ಶತಮಾನ ಮುಗಿಯೋ ಹೊತ್ತಿಗೆ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದ್ರು. ಮಹಾರ್ ರೆಜಿಮೆಂಟ್ ಆಗೋಕೆ 1941 ಬರಬೇಕಾಯ್ತು. ದೊರೆ ಕೊಟ್ಟ ಹಕ್ಕನ್ನ ದೊರೆ ಕಿತ್ಕೋತಾನೆ. ಬೇಲೆನ್ ಸಭೆಯನ್ನೇ ವಿಸರ್ಜಿಸಿ ಒಬ್ಬನೇ ಆಳ್ತಾನೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ರಾಜಕೀಯದಲ್ಲಿ ವ್ಯಕ್ತಿಪೂಜೆ ಬೇಡ ಅಂತ ಎಚ್ಚರಿಸಿದ್ದು ಸುಮ್ಮನೆ ಅಲ್ಲ.

ಒರಿಜಿನ್ಸ್ ಮೇಲೆ ನನಗಿರೋ ದೊಡ್ಡ ತಕರಾರೂ ಇದೇ. ಗಾದಿಗೆ ಇಬ್ಬರು, ಇಬ್ಬರೂ ಮೇಲಿನೋರು. ಕೇರಿಯಿಂದ ಎದ್ದಿರೋ ಒಂದೇ ಶಕ್ತಿ ರೌಡಿಗಳ ಗುಂಪು, ಅದರ ನಾಯಕಿ ಜಾರ್ವಿಯಾ. ನೀನು ಯಾವ ರಾಜನ ಕಡೆ ಇದ್ರೂ ಅವಳನ್ನ ಕೊಲ್ಲಲೇಬೇಕು, ಮಾತುಕತೆಗೆ ದಾರಿಯೇ ಇಲ್ಲ. ನಾನು ಕೇರಿಯವನಾಗಿ ಹೋದಾಗ ನನ್ನ ಗೆಳೆಯ ಲೆಸ್ಕೆ ಅವಳ ಕಡೆ ಇದ್ದ, ಅವನನ್ನೂ ಕೊಂದು ಬಂದೆ. ಕೇರಿಯಲ್ಲಿ ರೌಡಿಗಳಿದಾರೆ, ಭಿಕ್ಷುಕರಿದಾರೆ, ಅಳೋ ತಾಯಂದಿರಿದಾರೆ. ಓದಿದ ಒಬ್ಬ ಹುಡುಗ, ಒಂದು ಸಂಘ, ಒಂದು ಮನವಿಪತ್ರ ಇಲ್ಲ. ಬರೆದವರ ಕಲ್ಪನೆ ಅಲ್ಲಿಗೆ ನಿಂತೋಗಿದೆ.

ಆದ್ರೂ ಸಣ್ಣ ಕ್ವೆಸ್ಟ್‌ಗಳಲ್ಲಿ ಅವರು ಜಾತಿಯ ನರ ಹಿಡಿದಿದಾರೆ. ಜರ್ಲಿಂಡಾ ಅಂತ ಗಣಿ ಜಾತಿಯ ಹೆಣ್ಣುಮಗಳು. ಕೇರಿಯವನಿಂದ ಗಂಡು ಮಗು ಆಯ್ತು. ಮಗುವನ್ನ ಸುರಂಗದಲ್ಲಿ ಬಿಟ್ಟು ಬಂದ್ರೆ ಮನೆಗೆ ಸೇರಿಸ್ಕೋತೀವಿ ಅಂತಾರೆ ಅಪ್ಪ ಅವ್ವ. ಮರ್ಯಾದೆ ಹತ್ಯೆ ಸುದ್ದಿ ಓದೋ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾ? ಇನ್ನೊಂದು ಓರ್ಟಾ ಅನ್ನೋಳದ್ದು. ಓರ್ಜಮಾರ್‌ನಲ್ಲಿ ವಂಶದ ದಾಖಲೆಗಳನ್ನ ಕಾಯೋ ಒಂದು ಕಚೇರಿ ಇದೆ, ಅದರಲ್ಲಿ ಹೆಸರಿದ್ರೆ ನೀನುಂಟು, ಇಲ್ದಿದ್ರೆ ಇಲ್ಲ. ತಾನು ಅಳಿದುಹೋದ ದೊಡ್ಡ ಮನೆತನದವಳು ಅನ್ನೋಕೆ ಹಳೇ ದಾಖಲೆ ಹುಡುಕಿಸ್ತಾಳೆ. ಸಿಕ್ಕಿದ ಮೇಲೆ ಸಭೆಯಲ್ಲಿ ಕುರ್ಚಿ. ಜಾತಿ ಪ್ರಮಾಣಪತ್ರದ ಅರ್ಜಿಗಳ ಮಧ್ಯೆ ಬದುಕೋ ಗುಮಾಸ್ತ ನಾನು, ಒಂದು ಕಾಗದ ಮನುಷ್ಯನನ್ನ ಏನು ಮಾಡುತ್ತೆ ಅಂತ ಗೊತ್ತು.

ಈಗ 2011ರ ಡ್ರಾಗನ್ ಏಜ್ 2ಕ್ಕೆ ಬನ್ನಿ. ಆರು ಬಾಗಿಲು ಹೋಗಿ ಒಂದೇ ಬಾಗಿಲು. ಹಾಕ್ ಅನ್ನೋ ಮನುಷ್ಯ, ಯುದ್ಧದಿಂದ ಓಡಿ ಕರ್ಕ್‌ವಾಲ್ ಅನ್ನೋ ಪಟ್ಟಣಕ್ಕೆ ಬಂದ ನಿರಾಶ್ರಿತ. ಅವಸರದಲ್ಲಿ ಕಟ್ಟಿದ ಗೇಮ್, ಅದೇ ಗುಹೆ, ಅದೇ ಗೋಡೆ ಮತ್ತೆ ಮತ್ತೆ ಬರ್ತವೆ. ಜನ ತುಂಬಾ ಬೈದ್ರು. ನನಗೆ ಮಾತ್ರ ಇದರ ಮೇಲೆ ಪ್ರೀತಿ ಇದೆ. ಲೋಕ ಉಳಿಸೋ ಕಥೆ ಅಲ್ಲ, ಒಂದೇ ಊರಲ್ಲಿ ವರ್ಷಗಟ್ಟಲೆ ಬದುಕೋ ಕಥೆ.

ಅದರಲ್ಲಿ ಒಂದು ಕ್ವೆಸ್ಟ್. ಇಬ್ಬರು ಎಲ್ಫ್ ಅಣ್ಣತಮ್ಮಂದಿರು. ಅವರ ತಂಗಿಯನ್ನ ಊರಿನ ಒಬ್ಬ ಕಾವಲುಗಾರ ಕೆಡಿಸ್ತಾನೆ. ದೂರು ಕೊಟ್ರೆ ಯಾರೂ ಕೇಳಲ್ಲ. ಅವರೇ ಅವನನ್ನ ಕೊಂದು, ಕುನಾರಿ ಅನ್ನೋ ಪರದೇಶದವರ ಧರ್ಮಕ್ಕೆ ಸೇರಿಬಿಡ್ತಾರೆ. ಈಗ ಊರಿನವರಿಗೆ ಕಾನೂನು ನೆನಪಾಗುತ್ತೆ, ಕೊಲೆಗಾರರನ್ನ ಒಪ್ಪಿಸಿ ಅಂತ ಹೋಗ್ತಾರೆ. ಕುನಾರಿ ನಾಯಕ ಒಪ್ಪಿಸಲ್ಲ. ಊರಿಗೆ ಬೆಂಕಿ ಬೀಳುತ್ತೆ.

ಮತಾಂತರದ ಬಗ್ಗೆ ನಮ್ಮ ಟಿವಿಗಳಲ್ಲಿ ನಡೆಯೋ ಚರ್ಚೆಗಿಂತ ಈ ಕ್ವೆಸ್ಟ್ ಪ್ರಾಮಾಣಿಕ. ಯಾಕೆ ಹೋದ್ರು ಅಂತ ಕೇಳೋಕೆ ಮುಂಚೆ ಯಾಕೆ ಉಳೀಲಿಲ್ಲ ಅಂತ ಕೇಳುತ್ತೆ. ಆದ್ರೆ ಎರಡು ಕೊರತೆ. ಆ ಅಣ್ಣತಮ್ಮಂದಿರಿಗೆ ಸಿಗೋದು ಕೆಲವೇ ಮಾತು, ಆಮೇಲೆ ದೊಡ್ಡವರ ಯುದ್ಧ ಶುರು. ಹಾಕ್ ಏನೇ ಹೇಳಿದ್ರೂ ಯುದ್ಧ ತಪ್ಪಲ್ಲ. ಎರಡನೇದು, ಸಿಟ್ಟಲ್ಲಿ ಓಡಿಹೋಗಿ ಸೇರೋದನ್ನ ಮಾತ್ರ ಅವರು ಕಲ್ಪಿಸ್ಕೊಂಡಿದಾರೆ. 1935ರಲ್ಲಿ ಯೆವಲಾದಲ್ಲಿ ಘೋಷಣೆ ಮಾಡಿ, ಇಪ್ಪತ್ತೊಂದು ವರ್ಷ ಓದಿ, ತೂಗಿ, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧರಾದ ಮನುಷ್ಯನ ಕಥೆ ಆ ಲೋಕದಲ್ಲಿ ಹುಟ್ಟೋಕೆ ಸಾಧ್ಯವೇ ಇಲ್ಲ.

ಇನ್ನೊಂದು ವಿಷಯ ನಮ್ಮ ಸಂಘಟನೆಗಳಿಗೆ ಹೇಳ್ಬೇಕು. ಒರಿಜಿನ್ಸ್‌ನಲ್ಲಿ ಜೊತೆಗಾರರಿಗೆ ಇಷ್ಟ ಆಗೋ ಹಾಗೆ ನಡ್ಕೊಂಡ್ರೆ ಅಂಕ, ಇಲ್ಲಾಂದ್ರೆ ಕಡಿತ. ಎರಡನೇ ಗೇಮ್‌ನಲ್ಲಿ ಸ್ನೇಹಕ್ಕೂ ಒಂದು ಲೆಕ್ಕ, ಭಿನ್ನಾಭಿಪ್ರಾಯಕ್ಕೂ ಒಂದು ಲೆಕ್ಕ. ನಿನ್ನನ್ನ ಒಪ್ಪದೆ ಇದ್ದೂ ನಿನ್ನ ಪಕ್ಕ ನಿಂತು ಹೋರಾಡ್ತಾನೆ, ಆ ಸಂಬಂಧಕ್ಕೂ ಅದರದೇ ಬಲ ಇದೆ. ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬಂದ ಫೆನ್ರಿಸ್ ನನ್ನ ಅರ್ಧ ಮಾತು ಒಪ್ಪಲಿಲ್ಲ, ಆದ್ರೂ ಜೊತೆಗಿದ್ದ. ಒಂದು ಬ್ಯಾನರ್ ಮೇಲಿನ ಹೆಸರಿನ ಕ್ರಮಕ್ಕೆ ಎರಡಾಗಿ ಒಡೆಯೋ ನಮಗೆ ಈ ಲೆಕ್ಕ ಬೇಕಿತ್ತು.

2014ರ ಇನ್‌ಕ್ವಿಸಿಷನ್ ದೊಡ್ಡ ಗೇಮ್, ಆ ವರ್ಷದ ಅತ್ಯುತ್ತಮ ಗೇಮ್ ಪ್ರಶಸ್ತಿಯೂ ಬಂತು. ಎಲ್ಫ್ ಆಗ್ಬಹುದು, ಡ್ವಾರ್ಫ್ ಆಗ್ಬಹುದು, ಆದ್ರೆ ಆ ಹುಟ್ಟನ್ನ ಬದುಕೋ ಮೊದಲ ಅಧ್ಯಾಯ ಇಲ್ಲ. ನಿನ್ನ ಹಿನ್ನೆಲೆ ಎರಡು ಸಾಲಿನ ಬಯೋಡಾಟಾ. ಬಯಲು ತುಂಬಾ ದೊಡ್ಡದು, ಕೆಲಸ ತುಂಬಾ ಸಣ್ಣದು. ಸೊಪ್ಪು ಕಿತ್ಕೊಂಡು ಬಾ, ಹರಳು ಹುಡುಕು, ಇಷ್ಟು ಸಾಮಾನು ಜಮಾ ಮಾಡು. ಇನ್ನು ಲೋಕದ ದೊಡ್ಡ ದೊಡ್ಡ ವಿಷಯಗಳೆಲ್ಲ ಒಂದು ಮೇಜಿನ ಮೇಲಿನ ನಕ್ಷೆಯಲ್ಲಿ. ಕಾಗದ ಬರುತ್ತೆ, ಮೂವರು ಸಲಹೆಗಾರರಲ್ಲಿ ಒಬ್ಬರಿಗೆ ಒಪ್ಪಿಸ್ತೀಯ, ಗಂಟೆ ಕಳೆದ ಮೇಲೆ ವರದಿ ಬರುತ್ತೆ. ಆಡ್ತಾ ಆಡ್ತಾ ಗೊತ್ತಾಯ್ತು, ನಾನೀಗ ಕೇರಿಯವನಲ್ಲ, ಸಾಹೇಬ. ಟಪಾಲು ನೋಡಿ ಷರಾ ಬರೆಯೋನು!

ಆದ್ರೂ ಒಂದು ಕ್ವೆಸ್ಟ್ ಅದ್ಭುತ. ಹಲಾಮ್‌ಶಿರಾಲ್ ಅರಮನೆಯ ನೃತ್ಯಕೂಟ. ದರ್ಬಾರಿನವರು ನಿನ್ನನ್ನ ಎಷ್ಟು ಮೆಚ್ತಾರೆ ಅನ್ನೋದಕ್ಕೆ ಒಂದು ಅಂಕ ಪರದೆ ಮೇಲೆ ಏರ್ತಾ ಇಳೀತಾ ಇರುತ್ತೆ. ಎಲ್ಫ್ ಆಗಿ ಒಳಗೆ ಕಾಲಿಟ್ರೆ ಆ ಅಂಕ ಮನುಷ್ಯನಿಗಿಂತ ಕಡಿಮೆಯಿಂದ ಶುರು. ಯಾರೂ ಬೈಯಲ್ಲ, ಎಲ್ಲ ನಗ್ತಾರೆ, ಆದ್ರೂ ನೀನು ಕೆಳಗಿಂದ ಹತ್ಬೇಕು. ಜಾತಿ ನಗರದಲ್ಲಿ, ಆಫೀಸಿನಲ್ಲಿ ಹೀಗೇ ಕೆಲಸ ಮಾಡೋದು. ಹಿಂದಿನ ಓಣಿಗೆ ಹೋದ್ರೆ ಎಲ್ಫ್ ಆಳುಗಳ ಹೆಣ ಬಿದ್ದಿದಾವೆ, ಮುಂದಿನ ಹಾಲ್‌ನಲ್ಲಿ ಸಂಗೀತ. ಇಲ್ಲಿ ಓರ್ಜಮಾರ್‌ನಲ್ಲಿ ಇಲ್ಲದ್ದು ಒಂದಿದೆ: ಬ್ರಿಯಾಲಾ ಅನ್ನೋ ಎಲ್ಫ್ ಹೆಣ್ಣು, ತನ್ನ ಜನರಿಗಾಗಿ ತಾನೇ ರಾಜಕೀಯ ಮಾಡೋಳು. ಅವಳ ಕೈ ಮೇಲಾಗೋ ಹಾಗೆ ನಾನು ತೀರ್ಮಾನ ಮಾಡ್ಬಹುದು, ಮಾಡಿದೆ. ಆದ್ರೆ ಅವಳು ಗೆದ್ದ ಮೇಲೆ ಎಲ್ಫ್ ಕೇರಿಯಲ್ಲಿ ಏನು ಬದಲಾಯ್ತು ಅಂತ ಹೋಗಿ ನೋಡೋಕೆ ದಾರಿ ಇಲ್ಲ. ಅದೂ ಕಾಗದದಲ್ಲೇ.

ಮುಖದ ಗುರುತಿನ ವಿಷಯ ಇಲ್ಲಿ ಇನ್ನೊಂದು ಸಲ ಬರುತ್ತೆ. ಕಾಡಿನ ಎಲ್ಫ್‌ಗಳು ತಮ್ಮ ದೇವರುಗಳ ಹೆಸರಲ್ಲಿ ಮುಖಕ್ಕೆ ಹಚ್ಚೆ ಹಾಕಿಸ್ಕೋತಾರೆ, ಅದು ಅವರ ಹೆಮ್ಮೆ. ಸೋಲಾಸ್ ಅನ್ನೋ ಜೊತೆಗಾರ, ಪುರಾತನ ಕಾಲ ಕಂಡವನು, ಅದು ಹಿಂದೆ ಎಲ್ಫ್ ಒಡೆಯರು ತಮ್ಮ ಗುಲಾಮರಿಗೆ ಹಾಕ್ತಿದ್ದ ಗುರುತು ಅಂತ ಹೇಳ್ತಾನೆ. ಅವನನ್ನ ಪ್ರೀತಿಸಿದ ಎಲ್ಫ್ ಹೆಣ್ಣಿಗೆ, ಬೇಕಿದ್ರೆ ಅಳಿಸ್ತೀನಿ ಅಂತಾನೆ. ಬೇಡ ಅನ್ನೋಕೂ ಅವಕಾಶ ಇದೆ. ಅಳಿಯ ಅವಳನ್ನೇ ಆಡ್ತಿದ್ದ. "ಯಾವುದನ್ನ ಒತ್ತಲಿ ಮಾಮ" ಅಂದ. "ಬೇಡ ಅನ್ನು" ಅಂದೆ. ದಲಿತ ಅನ್ನೋ ಪದಕ್ಕೆ ತುಳಿಯಲ್ಪಟ್ಟವನು ಅಂತ ಅರ್ಥ. ಅದನ್ನ ನಾವು ಬಾವುಟ ಮಾಡ್ಕೊಂಡ್ವಿ. ಗುರುತಿನ ಅರ್ಥ ಅದನ್ನ ಹಾಕಿದವನ ಕೈಲೇ ಉಳೀಬೇಕು ಅಂತ ಎಲ್ಲಿದೆ?

2024ರ ವೇಲ್‌ಗಾರ್ಡ್. ಹದಿನೈದು ವರ್ಷ ಟೆವಿಂಟರ್ ಅನ್ನೋ ಸಾಮ್ರಾಜ್ಯದ ಬಗ್ಗೆ ಕೇಳಿದ್ವಿ, ಗುಲಾಮಗಿರಿ ಮೇಲೆ ನಿಂತ ಸಾಮ್ರಾಜ್ಯ. ಫೆನ್ರಿಸ್ ಮೈಮೇಲೆ ಸುಟ್ಟ ಗುರುತು ಅಲ್ಲಿಂದಲೇ ಬಂದಿದ್ದು. ಕೊನೆಗೂ ಆ ಊರಿಗೆ ಹೋಗ್ತೀವಿ. ಬೀದಿ ಥಳಥಳ ಹೊಳೀತಿದೆ, ಯುದ್ಧ ಚುರುಕಾಗಿದೆ, ಜೊತೆಗಾರರೆಲ್ಲ ಸಜ್ಜನರು. ಗುಲಾಮಗಿರಿ ಬಗ್ಗೆ ಮಾತಿದೆ, ಅದರ ವಿರುದ್ಧ ಕೆಲಸ ಮಾಡೋ ಗುಂಪೂ ಇದೆ. ಆದ್ರೆ ಗುಲಾಮನ ದಿನ ಹೇಗಿರುತ್ತೆ, ಅವನನ್ನ ಇಟ್ಕೊಂಡ ಮನೆಯವರು ಊಟಕ್ಕೆ ಕೂತಾಗ ಏನು ಮಾತಾಡ್ತಾರೆ, ಅದು ಕಣ್ಣಿಗೆ ಬೀಳೋದು ಬಹಳ ಕಡಿಮೆ. ನೋವಾಗದಿರಲಿ ಅಂತ ಮುಚ್ಚಿದ ಹಾಗಿದೆ. ಯಾರಿಗೆ ನೋವಾಗದಿರಲಿ ಅಂತ?

ಮತ್ತೆ ನೆನಪು. ಹಿಂದಿನ ಗೇಮ್‌ಗಳಲ್ಲಿ ನಾವು ಮಾಡಿದ ತೀರ್ಮಾನಗಳು ಮುಂದಿನದ್ದಕ್ಕೆ ಸಾಗಿ ಬರ್ತಿದ್ವು. ವೇಲ್‌ಗಾರ್ಡ್ ಕೇಳೋದು ಮೂರೇ ಪ್ರಶ್ನೆ, ಮೂರೂ ಇನ್‌ಕ್ವಿಸಿಷನ್‌ಗೆ ಸೇರಿದ್ದು. ಅದರಲ್ಲೊಂದು ಯಾರನ್ನ ಪ್ರೀತಿಸಿದೆ ಅಂತ. ಓರ್ಜಮಾರ್ ಗಾದಿಯಲ್ಲಿ ಯಾರಿದಾರೆ, ಧೂಳುಕೇರಿಯವರಿಗೆ ಹಕ್ಕು ಸಿಕ್ತಾ ಇಲ್ವಾ, ಅದು ಪ್ರಶ್ನೆಯೇ ಅಲ್ಲ. ಹದಿನೈದು ವರ್ಷದ ಲಕ್ಷಾಂತರ ಆಟಗಾರರ ತೀರ್ಮಾನಗಳನ್ನೆಲ್ಲ ಹೊತ್ಕೊಂಡು ಬರೋದು ದುಬಾರಿ ಕೆಲಸ, ಒಪ್ತೀನಿ. ಆದ್ರೆ ಭಾರ ಇಳಿಸೋಕೆ ಹೊರಟಾಗ ಪ್ರೇಮ ಉಳೀತು, ಜಾತಿ ಪ್ರಶ್ನೆ ಹೋಯ್ತು. ಯಾವ ಕಡತ ಮೊದಲು ಕಳೆದುಹೋಗುತ್ತೆ ಅನ್ನೋದು ಗುಮಾಸ್ತನಾದ ನನಗೆ ಹೊಸದಲ್ಲ.

ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಚಿತ್ರ, ಶಬ್ದ, ಓಡಾಟ ಪ್ರತಿ ಸಲ ಚೆನ್ನಾಗಾಗಿದೆ. ದಮನದ ಬಗ್ಗೆ ಮಾತೂ ಸಭ್ಯವಾಗಿದೆ. ಕಡಿಮೆ ಆಗಿದ್ದು ಎರಡು: ಕೆಳಗಿನವನ ಜಾಗದಲ್ಲಿ ನಿಂತು ನೋಡೋ ಅವಕಾಶ, ಅಲ್ಲಿ ನಿಂತು ತಗೊಂಡ ತೀರ್ಮಾನವನ್ನ ಲೋಕ ನೆನಪಿಡೋದು. ನಮ್ಮ ಬಗ್ಗೆ ಬರೋ ಯಾವ ಕಥೆಯನ್ನಾದ್ರೂ ನಾನೀಗ ಈ ಎರಡರಿಂದಲೇ ಅಳೀತೀನಿ. ಸಿನಿಮಾ ಆಗಲಿ, ಸರ್ಕಾರಿ ಯೋಜನೆಯ ಜಾಹೀರಾತಾಗಲಿ. ಕಣ್ಣೀರು ಎಷ್ಟು ತರಿಸ್ತು ಅನ್ನೋದು ಲೆಕ್ಕಕ್ಕಿಲ್ಲ. ಹ್ಯಾರೋಮಾಂಟ್‌ಗೆ ಕಿರೀಟ ಕೊಟ್ಟ ದಿನವೂ ಧೂಳುಕೇರಿ ನೋಡಿ ನನ್ನ ಕಣ್ಣು ಒದ್ದೆ ಆಗಿತ್ತು.

ಗೇಮ್ ಮಾಡೋದು ಕಲೀತಿರೋ ನಮ್ಮ ಹುಡುಗ ಹುಡುಗಿಯರಿಗೆ ಒಂದೇ ಮಾತು. ದೊಡ್ಡ ಡ್ರಾಗನ್ ಬೇಡ. ಒಂದು ಹಾಸ್ಟೆಲ್ ಕೋಣೆ, ಒಂದು ಅರ್ಜಿ, ಒಂದು ಬಾವಿ ಸಾಕು. ಆದ್ರೆ ಗಾದಿಗೆ ಮೂರನೇ ಹುರಿಯಾಳನ್ನ ಕೇರಿಯಿಂದ ನಿಲ್ಸಿ. ಬಯೋವೇರ್‌ನವರ ಕೈಲಿ ಆಗದ್ದು ಅದೊಂದೇ.

ಮೊನ್ನೆ ಅಳಿಯನ ಹತ್ರ ಆ ಎರಡನೇ ಸಾಹೇಬ್ರ ಫೋನ್ ನಂಬರ್ ಹುಡುಕಿಸ್ದೆ. ನಿವೃತ್ತರಾಗಿದಾರೆ. ಫೋನ್ ಮಾಡಿ "ಸಾರ್, ಬ್ಯಾಕ್‌ಲಾಗ್ ಕಡತ ನೆನಪಿದೆಯಾ" ಅಂದೆ. "ಯಾವ ಕಡತ ಕಣಯ್ಯಾ, ದಿನಾ ನೂರು ಸಹಿ ಹಾಕ್ತಿದ್ದೆ" ಅಂತ ಅದೇ ಒರಟಲ್ಲಿ ಗದರಿದ್ರು.

ಅವರಿಗೆ ನೆನಪಿಲ್ಲ. ಪರವಾಗಿಲ್ಲ, ನನಗೆ ಕಡತದ ಸಂಖ್ಯೆ ಸಮೇತ ನೆನಪಿದೆ.

ಜೈಭೀಮ್.